ಚಂದ್ರ ರಜಾ ಹಾಕಿದ ಹಾಡು

ಎಲ್ರಿಗೂ ನಮಸ್ಕಾರ. ಇವತ್ತು ನಾನು ಒಂದೇ ಒಂದು ಹಾಡಿನ ಬಗ್ಗೆ ಮಾತಾಡೋದು, 'ಅನಿಸುತಿದೆ ಯಾಕೋ ಇಂದು'. 2006ರ ಡಿಸೆಂಬರ್ ಕೊನೇಲಿ 'ಮುಂಗಾರು ಮಳೆ' ರಿಲೀಸ್ ಆಯ್ತು, ಯೋಗರಾಜ್ ಭಟ್ಟರ ಡೈರೆಕ್ಷನ್, ಗಣೇಶ್ ಹೀರೋ, ಬೆಂಗಳೂರಲ್ಲಿ ಮಲ್ಟಿಪ್ಲೆಕ್ಸಲ್ಲೇ ಒಂದು ವರ್ಷಕ್ಕಿಂತ ಜಾಸ್ತಿ ಓಡ್ತು, ಅದೆಲ್ಲ ನಿಮಗೆ ಗೊತ್ತಿರೋದೇ. ಆದ್ರೆ ಸಿನಿಮಾ ನೋಡದೇ ಇರೋರಿಗೂ ಈ ಹಾಡು ಬರುತ್ತಲ್ಲ, ನನಗೆ ಅದು ದೊಡ್ಡ ವಿಷಯ.

ಇದನ್ನ ಮಾಡಿದವರನ್ನ ನೋಡಿ. ಟ್ಯೂನ್ ಮನೋಮೂರ್ತಿ ಅವ್ರದ್ದು, ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ಕೊಂಡು ಸಂಗೀತ ಬಿಡದೇ ಇದ್ದೋರು. ಹಾಡಿದ್ದು ಸೋನು ನಿಗಮ್, ಅವರ ಮನೆಮಾತು ಕನ್ನಡ ಅಲ್ಲ. ಬರೆದದ್ದು ಗೋಕರ್ಣದ ಜಯಂತ ಕಾಯ್ಕಿಣಿ, ಮುಂಬೈಲಿ ಔಷಧಿ ಕಂಪನೀಲಿ ವರ್ಷಗಟ್ಲೆ ದುಡಿದ ಕಥೆಗಾರ. ಕಾಯ್ಕಿಣಿ ಬರೆಯೋದು ಟ್ಯೂನಿಗೆ, ಅಂದ್ರೆ ಮೊದಲು ರಾಗ ಕೈಗೆ ಬರುತ್ತೆ, ಆಮೇಲೆ ಅದರ ಮಾತ್ರೆ, ಅಂದ್ರೆ ಅಕ್ಷರ ಎಳೆಯೋ ಅಳತೆ, ಆ ಲೆಕ್ಕಕ್ಕೆ ಮಾತು ಕೂರಿಸ್ಬೇಕು, ಒಂದಕ್ಷರ ಜಾಸ್ತಿ ಆದ್ರೂ ಗಾಯಕರ ನಾಲಿಗೆ ತೊಡರುತ್ತೆ. ಟ್ಯೂನಿಗೆ ಬರೆದ್ರೆ ಕಾವ್ಯ ಸಾಯುತ್ತೆ ಅನ್ನೋರಿದ್ದಾರೆ, ನಾನು ಖಂಡಿತ ಒಪ್ಪಲ್ಲ.

ಯಾಕೆ ಅಂದ್ರೆ 'ಹಾಗೇ ಸುಮ್ಮನೆ' ಅನ್ನೋ ಎರಡು ಪದ ತಗೊಳ್ಳಿ. ಯಾಕೆ ಬಂದೆ ಅಂದ್ರೆ ಹಾಗೇ ಸುಮ್ನೆ, ಯಾಕೆ ಫೋನ್ ಮಾಡಿದೆ ಅಂದ್ರೆ ಹಾಗೇ ಸುಮ್ನೆ, ದಿನಕ್ಕೆ ಹತ್ತು ಸಲ ಅಂತೀವಿ. ಆ ಮಾತನ್ನ ತಂದು 'ಕೊಲ್ಲು ಹುಡುಗಿ' ಅನ್ನೋದರ ಪಕ್ಕ ಇಟ್ಟುಬಿಟ್ರು! ಕೊಲ್ಲು ಅನ್ನೋವಷ್ಟು ದೊಡ್ಡ ಮಾತಾಡಿ, ಕಾರಣ ಕೇಳಿದ್ರೆ ಏನಿಲ್ಲ ಸುಮ್ನೆ ಅಂತಾನೆ ಹುಡುಗ. ಹೊಸದಾಗಿ ಪ್ರೀತಿಲಿ ಬಿದ್ದೋನು ಹಿಂಗೇ ಅಲ್ವಾ ತೊದಲೋದು. ಮತ್ತೆ 'ಯಾತನೆ', 'ಸೆರೆಮನೆ', 'ಸುಮ್ಮನೆ', ಮೂರೂ ಒಂದೇ ಅಕ್ಷರಕ್ಕೆ ಬಂದು ನಿಲ್ತವೆ, ಪ್ರಾಸಕ್ಕೆ ಅಂತ ಎಳ್ಕೊಂಡು ಬಂದಂಗೆ ಕಾಣೋದೇ ಇಲ್ಲ.

ಚರಣದಲ್ಲಿ ಅವಳ ಮುಖ ಕಂಡ ಕೂಡಲೇ ಪೂರ್ಣಚಂದ್ರ ರಜಾ ಹಾಕಿದ ಅಂತ ಬರುತ್ತೆ. ಮುಖಕ್ಕೆ ಚಂದ್ರನ ಹೋಲಿಕೆ ಎಷ್ಟು ಹಳೇದು ಹೇಳಿ, ಸವೆದು ಹೋಗಿತ್ತು ಅದು. ರಜಾ ಅನ್ನೋದು ಆಫೀಸಿನ ಪದ, ಸ್ಕೂಲಿನ ಪದ, ಅದು ಪಕ್ಕಕ್ಕೆ ಬಂದಿದ್ದೇ ಹಳೇ ಹೋಲಿಕೆ ಹೊಸದಾಯ್ತು. ನಮ್ಮಕ್ಕನ ಮಗ, ಈ ಸಿನಿಮಾ ಬಂದಾಗ ಹುಟ್ಟೇ ಇರ್ಲಿಲ್ಲ, ಹೋದ ವರ್ಷ ಮನೇಲಿ ಇದನ್ನ ಪ್ರಾಕ್ಟೀಸ್ ಮಾಡ್ತಾ ಆ ಸಾಲಿಗೆ ಬಂದು ನಿಲ್ಲಿಸಿ, ಮಾವ ಚಂದ್ರ ನಿಜವಾಗ್ಲೂ ಲೀವ್ ಲೆಟರ್ ಕೊಟ್ನಾ ಅಂದ. ಅಡುಗೆಮನೇಲಿ ದೋಸೆ ಹುಯ್ತಿದ್ದ ನಮ್ಮಕ್ಕ ಸೌಟು ಹಿಡ್ಕೊಂಡೇ ಆಚೆ ಬಂದು ಮುಂದಿನ ಸಾಲು ಹಾಡಿದ್ಲು, ಪೂರ್ತಿ ಚರಣ, ಒಂದಕ್ಷರ ತಪ್ಪಿಲ್ಲ, ಒಳಗೆ ದೋಸೆ ಸೀದು ಹೋಯ್ತು.

ಸೋನು ನಿಗಮ್ ಇದನ್ನ ಎಲ್ಲೂ ಕಿರುಚಿಲ್ಲ, ಕಿವಿ ಹತ್ರ ಬಂದು ಹೇಳಿದಂಗಿದೆ. ಅದಕ್ಕೇ ಬಾತ್‌ರೂಮಲ್ಲಿ ಹಾಡೋನಿಗೂ, ಮದುವೆ ಆರ್ಕೆಸ್ಟ್ರಾದೋನಿಗೂ ಧೈರ್ಯ ಬರೋದು.

ಮಾತು ಸಾಕು. ಈಗ ಪಲ್ಲವಿ ಎಲ್ರೂ ಸೇರಿ ಹಾಡೋಣ, ಶ್ರುತಿ ಹಿಡೀರಿ, 'ಹಾಗೇ ಸುಮ್ಮನೆ' ಬಂದಾಗ ಮಾತ್ರ ದಯವಿಟ್ಟು ಅವಸರ ಮಾಡ್ಬೇಡಿ.