ಕೊಟ್ಟ ಕಾಯಿ, ಕದಲಿದ ಕಾಯಿ

ಕೇಳುಗರಿಗೆ ನಮಸ್ಕಾರ.

ಚದುರಂಗ ಕಲಿಯಲು ಕೂತವರಿಗೆ ಮೊದಲ ದಿನಗಳಲ್ಲೇ ಒಂದು ಬೆಲೆಪಟ್ಟಿ ಬಾಯಿಪಾಠವಾಗಿಬಿಡುತ್ತದೆ. ಕಾಲಾಳಿಗೆ 1, ಕುದುರೆಗೆ 3, ಒಂಟೆಗೆ 3, ಆನೆಗೆ 5, ರಾಣಿಗೆ 9. ಆಮೇಲೆ ಯಾರಾದರೂ 1851ರಲ್ಲಿ ಲಂಡನ್ನಿನಲ್ಲಿ ಆಂಡರ್ಸನ್ ಮತ್ತು ಕೀಸೆರಿಟ್ಸ್ಕಿ ಆಡಿದ ಆಟವನ್ನು ತೋರಿಸುತ್ತಾರೆ. ಆಂಡರ್ಸನ್ ಒಂದು ಒಂಟೆ ಕೊಟ್ಟರು, ಎರಡೂ ಆನೆ ಕೊಟ್ಟರು, ಕೊನೆಗೆ ರಾಣಿಯನ್ನೂ ಕೊಟ್ಟರು. 23ನೇ ನಡೆಯಲ್ಲಿ, ಉಳಿದಿದ್ದ ಒಂದು ಒಂಟೆ ಮತ್ತು ಎರಡು ಕುದುರೆಗಳಿಂದ ಮೇಟ್ ಮಾಡಿದರು. ಎದುರಾಳಿಯ ರಾಣಿ, ಎರಡು ಆನೆ ಎಲ್ಲವೂ ಬೋರ್ಡಿನ ಮೇಲೇ ಇದ್ದವು.

ಇದನ್ನು ನೋಡಿದ ಹೊಸಬರಲ್ಲಿ ಎರಡು ಪಂಗಡವಾಗುತ್ತದೆ. ಇದೆಲ್ಲ ಹುಟ್ಟು ಪ್ರತಿಭೆಯವರ ಕೆಲಸ, ನಮ್ಮ ಕೈಲಾಗದು ಎನ್ನುವವರು ಒಂದು ಕಡೆ. ಧೈರ್ಯ ಮಾಡಿ ಕೊಟ್ಟುಬಿಟ್ಟರೆ ಏನಾದರೂ ಆದೀತು ಎನ್ನುವವರು ಇನ್ನೊಂದು ಕಡೆ. ಎರಡನೆಯವರು ಸ್ವಲ್ಪ ಬೇಗ ಸೋಲುತ್ತಾರೆ, ಅಷ್ಟೇ.

ಪ್ರತಿಭೆ, ಧೈರ್ಯ ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡೋಣ. ಹೀಗೆ ಬೇಕೆಂದೇ ಕಾಯಿಯನ್ನು ಬಲಿ ಕೊಡುವಾಗ ನಮ್ಮ ಕಣ್ಣೆಲ್ಲ ನಾವು ಕಳೆದುಕೊಳ್ಳುವ ಕಾಯಿಯ ಮೇಲಿರುತ್ತದೆ. ನೋಡಬೇಕಾದದ್ದು ಅದನ್ನು ಹೊಡೆಯಲು ಬರುವ ಕಾಯಿಯನ್ನು. ಹೊಡೆಯಬೇಕಾದರೆ ಅದು ತಾನಿದ್ದ ಮನೆ ಬಿಟ್ಟು ಕದಲಲೇಬೇಕು. ಬಿಟ್ಟ ಮನೆಯಲ್ಲಿ ನಿಂತು ಅದು ಏನನ್ನು ಕಾಯುತ್ತಿತ್ತು? ಬಂದು ಕೂತ ಮನೆಯಲ್ಲಿ ಯಾರ ದಾರಿಗೆ ಅಡ್ಡವಾಯಿತು? ಗೆಲ್ಲುವ ಬಲಿಗಳಲ್ಲಿ ಹೆಚ್ಚಿನವು ಈ ಎರಡು ಪ್ರಶ್ನೆಗಳಿಗೆ ಬಾಯಿ ಬಿಡುತ್ತವೆ.

ಒಂದು ಸ್ಥಿತಿಯನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳಿ. ಮನೆಗಳ ಹೆಸರಿನಲ್ಲಿ ಅಕ್ಷರ ಉದ್ದಸಾಲಿನದು, ಬಿಳಿಯ ಎಡಗಡೆಯಿಂದ ಎ ಇಂದ ಎಚ್‌ವರೆಗೆ; ಅಂಕಿ ಅಡ್ಡಸಾಲಿನದು, ಬಿಳಿಯ ಕಡೆಯಿಂದ 1ರಿಂದ 8ರವರೆಗೆ. ಕಪ್ಪು ರಾಜ ಮೂಲೆಯಲ್ಲಿ, ಎಚ್8ರಲ್ಲಿ. ಅವನ ಮುಂದೆ ಜಿ7, ಎಚ್7ರಲ್ಲಿ ಅವನದೇ ಕಾಲಾಳುಗಳು. ಎಫ್8ರಲ್ಲಿ ಅವನ ಆನೆ. ಬಿಳಿಯ ಕುದುರೆ ಎಚ್6ರಲ್ಲಿ, ರಾಣಿ ದೂರದಲ್ಲಿ ಸಿ4ರಲ್ಲಿ. ಅಲ್ಲಿಂದ ಜಿ8ರವರೆಗೆ ಓರೆಸಾಲು ಖಾಲಿ. ಈಗ ಬಿಳಿಯ ನಡೆ. ರಾಣಿ ನೇರವಾಗಿ ಜಿ8ಕ್ಕೆ ಹೋಗಿ ರಾಜನ ಮಗ್ಗುಲಲ್ಲೇ ಕೂತು ಚೆಕ್ ಕೊಡುತ್ತಾಳೆ. ರಾಜ ಅವಳನ್ನು ಹೊಡೆಯುವಂತಿಲ್ಲ, ಎಚ್6ರ ಕುದುರೆಯ ಕಾವಲಿದೆ. ಜಿ7ರ ಕಾಲಾಳಿಗೆ ಆ ಕುದುರೆಯನ್ನು ಹೊಡೆಯುವ ಶಕ್ತಿಯಿದೆ, ಆದರೆ ಚೆಕ್ ಇರುವಾಗ ಅದಕ್ಕೆ ಪುರಸೊತ್ತಿಲ್ಲ. ಉಳಿದದ್ದು ಒಂದೇ ದಾರಿ: ಆನೆ ಬಂದು ರಾಣಿಯನ್ನು ಹೊಡೆಯುವುದು. ಹೊಡೆಯಿತು. ಆಗ ಕುದುರೆ ಎಫ್7ಕ್ಕೆ ಹಾರುತ್ತದೆ. ಮೇಟ್!

ಆ ಆನೆ ಮಾಡಿದ ಕೆಲಸವನ್ನು ನಿಧಾನವಾಗಿ ನೋಡಿ. ಎಫ್8ರಲ್ಲಿ ನಿಂತು ಅದು ಎಫ್7ನ್ನು ಕಾಯುತ್ತಿತ್ತು, ಆ ಕಾವಲು ತಪ್ಪಿತು. ಜಿ8 ರಾಜನಿಗಿದ್ದ ಒಂದೇ ತೆರವಾದ ಮನೆ, ಅದನ್ನು ತಾನೇ ತುಂಬಿತು. ಒಂದೇ ಹೊಡೆತದಲ್ಲಿ ಎರಡು ಅನಾಹುತ. 1497ರಲ್ಲಿ ಸ್ಪೇನಿನ ಲುಸೇನಾ ಅಚ್ಚು ಹಾಕಿಸಿದ ಪುಸ್ತಕದಲ್ಲೇ ಈ ಉಸಿರುಗಟ್ಟಿಸುವ ಮೇಟ್ ಇದೆ. ಅಂದರೆ ಇದನ್ನು ನಾವು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ, ಗುರುತು ಹಿಡಿದರೆ ಸಾಕು.

ಗುರುತು ಹಿಡಿಯುವುದು ಹಿಂದಿನಿಂದ ಮುಂದಕ್ಕೆ. ಮೊದಲು ಮೇಟಿನ ಚಿತ್ರ ಕಾಣಬೇಕು, ಆಮೇಲೆ ಅದಕ್ಕೆ ಅಡ್ಡ ನಿಂತವರು ಯಾರೆಂದು ಹುಡುಕಬೇಕು, ಬಲಿಯ ವಿಚಾರ ಕಟ್ಟಕಡೆಗೆ. 1858ರಲ್ಲಿ ಪ್ಯಾರಿಸ್ಸಿನ ಒಪೆರಾದಲ್ಲಿ ಪಾಲ್ ಮಾರ್ಫಿ ಒಬ್ಬ ಡ್ಯೂಕ್ ಮತ್ತು ಒಬ್ಬ ಕೌಂಟ್ ಜೋಡಿಯ ವಿರುದ್ಧ ಆಡಿದ ಆಟದ ಕೊನೆಯನ್ನೇ ತೆಗೆದುಕೊಳ್ಳಿ. ಕಪ್ಪು ರಾಜ ಇನ್ನೂ ನಡುವೆ, ಇ8ರಲ್ಲೇ ಇದ್ದ. ಮಾರ್ಫಿಯ ಆನೆ ಡಿ1ರಲ್ಲಿ, ಒಂಟೆ ಜಿ5ರಲ್ಲಿ. ಆನೆ ಡಿ8ಕ್ಕೆ ತಲುಪಿದರೆ ಒಂಟೆಯ ಬೆಂಬಲದಿಂದ ಮೇಟ್. ಅಡ್ಡ ಇದ್ದದ್ದು ಡಿ7ರ ಕುದುರೆ ಮಾತ್ರ. ಹಾಗಾದರೆ ಪ್ರಶ್ನೆ ಬಹಳ ಸಣ್ಣದು: ಈ ಕುದುರೆಯನ್ನು ಅಲ್ಲಿಂದ ಎಬ್ಬಿಸುವುದು ಹೇಗೆ? ಅದು ಹಾರಬಹುದಾದ ಮನೆಗಳಲ್ಲಿ ಬಿ8 ಒಂದು. ಮಾರ್ಫಿ ರಾಣಿಯನ್ನು ಬಿ8ಕ್ಕೆ ತಂದು ಚೆಕ್ ಕೊಟ್ಟರು. ಕುದುರೆ ಹೊಡೆಯದೆ ವಿಧಿಯಿಲ್ಲ. 17ನೇ ನಡೆಯಲ್ಲಿ ಆನೆ ಡಿ8ಕ್ಕೆ ಬಂತು, ಆಟ ಮುಗಿಯಿತು. ಮುಂದಿನಿಂದ ನೋಡಿದರೆ ಅದ್ಭುತ, ಹಿಂದಿನಿಂದ ನೋಡಿದರೆ ಸರಳ ಲೆಕ್ಕ.

ಇಷ್ಟು ಸರಳವಾಗಿದ್ದರೆ ಆಟದ ನಡುವೆ ಹೊಸಬರಿಗೆ ಏಕೆ ಕಾಣುವುದಿಲ್ಲ? ನನ್ನ ಅನುಮಾನ ಆ ಬೆಲೆಪಟ್ಟಿಯ ಮೇಲೆ. ರಾಣಿಗೆ 9 ಎಂದು ಕಲಿತ ಮನಸ್ಸು, ರಾಣಿ ಏಟಿಗೆ ಸಿಗುವ ಮನೆಗಳನ್ನೆಲ್ಲ ಎಣಿಸುವ ಮುಂಚೆಯೇ ಅಳಿಸಿಹಾಕುತ್ತದೆ. ಪಟ್ಟಿ ಸುಳ್ಳಲ್ಲ, ಅದು ಸರಾಸರಿ ಬೆಲೆ. ಮೂಲೆಯಲ್ಲಿ ಸಿಕ್ಕಿಬಿದ್ದ ರಾಜನ ಪಕ್ಕದಲ್ಲಿ ಸರಾಸರಿ ನಡೆಯುವುದಿಲ್ಲ. ಆದ್ದರಿಂದ ಪ್ರತಿ ನಡೆಗೂ ಮೊದಲು ಸಾಧ್ಯವಿರುವ ಎಲ್ಲ ಚೆಕ್‌ಗಳನ್ನೂ ನೋಡಿ, ಮೂರ್ಖತನದ ಚೆಕ್‌ಗಳನ್ನೂ ಸೇರಿಸಿ. ಸಾಮಾನ್ಯವಾಗಿ ಎರಡೋ ಮೂರೋ ಇರುತ್ತವೆ, ಹೊತ್ತು ಹಿಡಿಯುವುದಿಲ್ಲ. ನಂತರ ಹೊಡೆತಗಳು, ನಂತರ ಬೆದರಿಕೆಗಳು. ಚೆಕ್ ಮೊದಲು ಏಕೆಂದರೆ ಅದಕ್ಕೆ ಉತ್ತರ ಕೊಡದೆ ಎದುರಾಳಿ ಬೇರೇನೂ ಮಾಡುವಂತಿಲ್ಲ. ಅವನ ಆಯ್ಕೆಗಳು ಕಡಿಮೆಯಾದಷ್ಟೂ ನಮ್ಮ ಲೆಕ್ಕ ಗಟ್ಟಿ.

ಇನ್ನು ಸೋಲುವ ಬಲಿಗಳ ವಿಷಯ. ಹದಿನೆಂಟನೇ ಶತಮಾನದ ಫ್ರೆಂಚ್ ಆಟಗಾರ ಲೆಗಾಲ್ ಹೆಸರಿನಲ್ಲಿ ಒಂದು ಪ್ರಸಿದ್ಧ ಬಲೆ ಇದೆ. ಬಿಳಿಯ ಕುದುರೆ ಎಫ್3ರಲ್ಲಿ, ಅದರ ಹಿಂದೆ ಡಿ1ರಲ್ಲಿ ರಾಣಿ. ಕಪ್ಪಿನ ಒಂಟೆ ಜಿ4ಕ್ಕೆ ಬಂದು ಕುದುರೆಯನ್ನು ಕಟ್ಟಿಹಾಕಿದೆ. ಕುದುರೆ ಕದಲಿದರೆ ರಾಣಿ ಹೋಗುತ್ತಾಳೆ. ಆದರೂ ಕುದುರೆ ಇ5ರ ಕಾಲಾಳನ್ನು ಹೊಡೆಯುತ್ತದೆ. ಕಪ್ಪು ಆಸೆಯಿಂದ ರಾಣಿಯನ್ನು ಹೊಡೆದರೆ, ಸಿ4ರಲ್ಲಿದ್ದ ಬಿಳಿಯ ಒಂಟೆ ಎಫ್7ರ ಕಾಲಾಳನ್ನು ಹೊಡೆದು ಚೆಕ್ ಕೊಡುತ್ತದೆ. ರಾಜ ಇ7ಕ್ಕೆ. ಸಿ3ರ ಕುದುರೆ ಡಿ5ಕ್ಕೆ. ಮೇಟ್. ಕಪ್ಪು ಎಚ್ಚರದಿಂದ ರಾಣಿಯನ್ನು ಬಿಟ್ಟು, ಇ5ರ ಕುದುರೆಯನ್ನು ಡಿ6ರ ಕಾಲಾಳಿನಿಂದ ಹೊಡೆದರೆ? ಆಗ ಬಿಳಿಯ ರಾಣಿ ಜಿ4ರ ಒಂಟೆಯನ್ನು ಹೊಡೆಯುತ್ತಾಳೆ, ಬಿಳಿಗೆ ಒಂದು ಕಾಲಾಳು ಲಾಭ. ತೆಗೆದುಕೊಂಡರೆ ಮೇಟ್, ಬಿಟ್ಟರೆ ಕಾಲಾಳು: ಒಳ್ಳೆಯ ಬಲಿ ಎಂದರೆ ಹೀಗಿರಬೇಕು.

ಆದರೆ ಕಪ್ಪಿನ ಒಂದು ಕುದುರೆ ಆಗಲೇ ಸಿ6ಕ್ಕೆ ಬಂದಿದ್ದರೆ ಕಥೆಯೇ ಬೇರೆ. ಆ ಕುದುರೆ ಇ5ರಲ್ಲಿ ಹೊಡೆಯುತ್ತದೆ, ಅಲ್ಲಿಂದಲೇ ಜಿ4ರ ಒಂಟೆಯನ್ನೂ ಕಾಯುತ್ತದೆ. ಬಿಳಿ ಒಂದು ಕುದುರೆ ಕೊಟ್ಟು ಒಂದು ಕಾಲಾಳು ಪಡೆದಂತಾಯಿತು. ಮೇಟಿನ ಚಿತ್ರ ಹಾಗೇ ಇದೆ, ಬಲಿ ಮಾತ್ರ ಕೆಟ್ಟಿತು. ಇನ್ನೂ ಸ್ವಾರಸ್ಯ ಮುಂದಿದೆ. ಮೊದಲು ಬಿಳಿ ಎಚ್3ಕ್ಕೆ ಕಾಲಾಳು ತಳ್ಳಿ, ಕಪ್ಪಿನ ಒಂಟೆ ಎಚ್5ಕ್ಕೆ ಸರಿದಿದ್ದರೆ, ಸಿ6ರಲ್ಲಿ ಕುದುರೆ ಇದ್ದರೂ ಅದೇ ಬಲಿ ಮತ್ತೆ ಸರಿಯಾಗುತ್ತದೆ! ಈಗ ಇ5ರ ಕುದುರೆಗೆ ಎಚ್5 ಎಟುಕುವುದಿಲ್ಲ. ಬಿಳಿಯ ರಾಣಿ ಆ ಒಂಟೆಯನ್ನು ಹೊಡೆಯುತ್ತಾಳೆ; ಕಪ್ಪಿನ ಕುದುರೆ ಸಿ4ರ ಒಂಟೆಯನ್ನು ಹೊಡೆದರೆ, ರಾಣಿ ಬಿ5ರಿಂದ ಚೆಕ್ ಕೊಟ್ಟು ಆ ಕುದುರೆಯನ್ನೂ ಎತ್ತಿಕೊಳ್ಳುತ್ತಾಳೆ. ಎಣಿಸಿ ನೋಡಿ, ಬಿಳಿಗೆ ಒಂದು ಕಾಲಾಳು ಲಾಭ. ಒಂದು ಮನೆಯ ಅಂತರಕ್ಕೆ ಗೆಲುವು ಸೋಲಾಗಿ, ಸೋಲು ಗೆಲುವಾಯಿತು. ಚಿತ್ರ ನೆನಪಿಟ್ಟುಕೊಂಡವರಿಗೂ ಲೆಕ್ಕ ಹಾಕುವ ಕೆಲಸ ತಪ್ಪಿದ್ದಲ್ಲ.

ಎಚ್7ರ ಕಾಲಾಳನ್ನು ಒಂಟೆಯಿಂದ ಹೊಡೆದು, ರಾಜ ಒಂಟೆಯನ್ನು ತೆಗೆದುಕೊಂಡ ಮೇಲೆ ಕುದುರೆಯನ್ನು ಜಿ5ಕ್ಕೆ, ರಾಣಿಯನ್ನು ಎಚ್5ಕ್ಕೆ ತರುವ ಹಳೆಯ ಬಲಿಯಲ್ಲೂ ಇದೇ ಎಚ್ಚರ ಬೇಕು. ಕಪ್ಪಿನ ಕುದುರೆ ಎಫ್6ರಲ್ಲಿದ್ದರೆ ಸಾಮಾನ್ಯವಾಗಿ ಈ ಬಲಿಯ ಗೊಡವೆಯೇ ಬೇಡ; ಎಚ್7, ಎಚ್5 ಎರಡನ್ನೂ ಆ ಕುದುರೆ ಕಾಯುತ್ತದೆ. ಜಿ5ಕ್ಕೆ ಕುದುರೆ ಬಂದಾಗ ರಾಜ ಜಿ8ಕ್ಕೆ ಹಿಂತಿರುಗುತ್ತಾನೆ ಎಂದೇ ಹೊಸಬರು ಲೆಕ್ಕ ಹಾಕುತ್ತಾರೆ, ಅದು ಸುಲಭದ ಕವಲು. ಅವನು ಜಿ6ಕ್ಕೆ ಮುಂದೆ ಬಂದರೆ ಏನು ಮಾಡುತ್ತೀರಿ ಎನ್ನುವುದೇ ನಿಜವಾದ ಪರೀಕ್ಷೆ.

ಬಲಿ ಎಂದರೆ ಮೇಟೇ ಆಗಬೇಕೆಂದಿಲ್ಲ. 1966ರ ವಿಶ್ವ ಚಾಂಪಿಯನ್‌ಶಿಪ್ಪಿನ ಹತ್ತನೇ ಆಟದಲ್ಲಿ ಪೆಟ್ರೋಸಿಯನ್ ತಮ್ಮ ರಾಣಿಯನ್ನು ಎಚ್8ಕ್ಕೆ ತಂದು ಸ್ಪಾಸ್ಕಿಯ ರಾಜನಿಗೇ ಒಪ್ಪಿಸಿದರು. ರಾಜ ಹೊಡೆದರೆ ಎಚ್8ರಲ್ಲಿ ಕೂರಬೇಕು. ಆಗ ಕುದುರೆ ಎಫ್7ರ ಆನೆಯನ್ನು ಹೊಡೆದು, ಎಚ್8ರ ರಾಜನಿಗೂ ಜಿ5ರ ರಾಣಿಗೂ ಒಟ್ಟಿಗೇ ಕೈ ಹಾಕುತ್ತದೆ. ಕೊಟ್ಟ ರಾಣಿ ಬಡ್ಡಿ ಸಮೇತ ವಾಪಸ್. ಸ್ಪಾಸ್ಕಿ ಅಲ್ಲೇ ಸೋಲೊಪ್ಪಿಕೊಂಡರು. ಹೀಗೆ ಕೊನೆಯವರೆಗೆ ಎಣಿಸಬಹುದಾದ ಬಲಿಗಳನ್ನು ಆಸ್ಟ್ರಿಯಾದ ಆಟಗಾರ ರುಡಾಲ್ಫ್ ಸ್ಪೀಲ್‌ಮನ್ ನಿಜವಾದ ಬಲಿ ಎಂದು ಒಪ್ಪಲೇ ಇಲ್ಲ. ಬರುವ ಫಲ ಖಚಿತವಾಗಿರುವಾಗ ಕೊಟ್ಟದ್ದೇನು ಎಂಬುದು ಅವರ ವಾದ. ಅವರು ನಿಜವೆಂದದ್ದು ಲೆಕ್ಕಕ್ಕೆ ಪೂರ್ತಿ ಸಿಗದ, ಅಂದಾಜಿನ ಬಲಿಗಳನ್ನು. 1960ರ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಬೋತ್ವಿನಿಕ್ ಎದುರು ಆರನೇ ಆಟದಲ್ಲಿ ಮಿಖಾಯಿಲ್ ತಾಲ್ ಎಫ್4ರಲ್ಲಿ ಕುದುರೆ ಕೊಟ್ಟಾಗ ಪ್ರೇಕ್ಷಕರ ಗದ್ದಲ ಎಷ್ಟಾಯಿತೆಂದರೆ ಆಟವನ್ನು ಒಳಗಿನ ಕೋಣೆಗೆ ಸಾಗಿಸಬೇಕಾಯಿತು. ಆ ಬಲಿ ಸರಿಯಿತ್ತೇ ಎಂಬ ಚರ್ಚೆ ಆಟ ಮುಗಿದ ಮೇಲೂ ನಡೆಯಿತು. ಕಲಿಯುವವರು ತಾಲ್ ಆಟಗಳನ್ನು ನೋಡಿ ಸಂತೋಷಪಡಲಿ, ಆಡಲು ಮಾತ್ರ ಪೆಟ್ರೋಸಿಯನ್ ಬಗೆಯದನ್ನೇ ಹುಡುಕಲಿ ಎಂಬುದು ನನ್ನ ಅಭಿಪ್ರಾಯ.

ಅಭ್ಯಾಸಕ್ಕೆ ಒಗಟುಗಳಿವೆ, ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿ ಒಂದು ಮೋಸವಿದೆ: ಇಲ್ಲಿ ಗೆಲುವು ಇದೆ ಎಂದು ಒಗಟೇ ಹೇಳಿಬಿಟ್ಟಿರುತ್ತದೆ. ಆಟದಲ್ಲಿ ಹಾಗೆ ಯಾರೂ ಪಿಸುಗುಟ್ಟುವುದಿಲ್ಲ. ಅದಕ್ಕೆ ಒಂದು ಉಪಾಯ. ಒಗಟು ಬಿಡಿಸಿದ ಮೇಲೆ ಮುಂದಿನದಕ್ಕೆ ಓಡದೆ, ಕಾವಲಿನ ಒಂದು ಕಾಯಿಯನ್ನು ಸರಿಸಿ ಅಥವಾ ಹೊಸದೊಂದನ್ನು ಇಟ್ಟು, ಅದೇ ಬಲಿ ಈಗಲೂ ನಡೆಯುತ್ತದೆಯೇ ಎಂದು ನೋಡಿ. ಮೊದಲು ಹೇಳಿದ ಮೂಲೆಯ ಮೇಟಿನಲ್ಲಿ ಎಫ್6ರಲ್ಲಿ ಕಪ್ಪಿನ ಕುದುರೆಯೊಂದನ್ನು ಇಡಿ. ಈಗ ಜಿ8ಕ್ಕೆ ಬಂದ ರಾಣಿಯನ್ನು ಆ ಕುದುರೆ ಹೊಡೆಯುತ್ತದೆ, ಆನೆ ಎಫ್8ರಲ್ಲೇ ಉಳಿದು ಎಫ್7ನ್ನು ಕಾಯುತ್ತದೆ, ಬಲಿ ಹುಸಿಯಾಯಿತು. ಕುದುರೆಯನ್ನು ಹಾಗೇ ಬಿಟ್ಟು ಆನೆಯನ್ನು ಒಂದೇ ಮನೆ ಸರಿಸಿ, ಇ8ಕ್ಕೆ ಇಡಿ. ಈಗ ರಾಣಿಯನ್ನು ಆನೆ ಹೊಡೆದರೇನಾಗುತ್ತದೆ, ಕುದುರೆ ಹೊಡೆದರೇನಾಗುತ್ತದೆ, ಎರಡನ್ನೂ ಬೋರ್ಡಿನ ಮೇಲೆ ಆಡಿ ನೋಡಿ.

ನಮಸ್ಕಾರ.