ಓದಿಸಿಕೊಳ್ಳುವ ಉಡುಗೊರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮದುವೆ, ಮನೆ ಒಕ್ಕಲು, ಕುಬುಸ, ನಿವೃತ್ತಿಯ ಬೀಳ್ಕೊಡುಗೆ. ನಮ್ಮ ರಾಯಚೂರು ಸೀಮೆಯಲ್ಲಿ ವರ್ಷವಿಡೀ ಒಂದಲ್ಲ ಒಂದು ಕಾರ್ಯ ಇದ್ದೇ ಇರುತ್ತದೆ. ಕಾರ್ಯ ಎಂದ ಮೇಲೆ ಮುಯ್ಯಿಯ ಚಿಂತೆಯೂ ಬಂತು. 2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ತನ್ನ ಸಮಾರಂಭಗಳಿಗೆ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ ಬೇಡ, ಕೊಡುವುದಾದರೆ ಕನ್ನಡ ಪುಸ್ತಕ ಕೊಡಿ ಎಂದು ಸೂಚನೆ ಹೊರಡಿಸಿತು. ಒಳ್ಳೆಯ ಮಾತು. ಆದರೆ ಕೊಟ್ಟ ಪುಸ್ತಕ ಶೋಕೇಸಿನ ಗಾಜಿನ ಹಿಂದೆ ಉಳಿದುಬಿಟ್ಟರೆ ಶಾಲಿಗೂ ಅದಕ್ಕೂ ಏನು ವ್ಯತ್ಯಾಸ? ಓದಿಸಿಕೊಳ್ಳುವ ಪುಸ್ತಕವನ್ನು ಆರಿಸುವುದು ಹೇಗೆ, ಅದಕ್ಕೆ ಸಿನಿಮಾ ಹೇಗೆ ನೆರವಾಗುತ್ತದೆ ಎಂಬುದು ಇವತ್ತಿನ ಮಾತು.

ಉಡುಗೊರೆ ಕೊಡುವವರು ಸಾಮಾನ್ಯವಾಗಿ ತಮಗೆ ಇಷ್ಟವಾದ ಪುಸ್ತಕವನ್ನೇ ಕೊಡುತ್ತಾರೆ. ಮೊದಲು ನೋಡಬೇಕಾದದ್ದು ಪಡೆಯುವವರ ಸಮಯವನ್ನು. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಡೆಮಿ 1/8 ಅಳತೆಯ, ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರದ ಪುಸ್ತಕ. ಅದರ ಒಂದು ಪುಟಕ್ಕೆ, ರೂಢಿ ತಪ್ಪಿದ ಓದುಗರಿಗೆ ಎರಡು ನಿಮಿಷ ಬೇಕು ಎಂದುಕೊಳ್ಳೋಣ. ದಿನಕ್ಕೆ ಹತ್ತೇ ನಿಮಿಷ ಬಿಡುವು ಇರುವವರು ಐದು ಪುಟ ಓದುತ್ತಾರೆ. 200 ಪುಟದ ಕಾದಂಬರಿ ಅವರಿಗೆ ನಲವತ್ತು ದಿನದ ಕೆಲಸ. ನಡುವೆ ಒಂದು ಜಾತ್ರೆಯೋ ಮಕ್ಕಳ ಪರೀಕ್ಷೆಯೋ ಬಂದರೆ ಓದು ನಿಂತಿತು. ಹದಿನೈದು ದಿನ ಬಿಟ್ಟು ಮತ್ತೆ ಕೈಗೆತ್ತಿಕೊಂಡಾಗ ಯಾರು ಯಾರ ಮಗ ಎಂಬುದೇ ನೆನಪಿರುವುದಿಲ್ಲ. ಅದೇ ಜನರ ಕೈಗೆ ಇಪ್ಪತ್ತು ಪುಟದ ಕಥೆ ಕೊಡಿ. ನಾಲ್ಕು ದಿನದಲ್ಲಿ ಮುಗಿಯುತ್ತದೆ, ಮುಗಿಸಿದ ಖುಷಿ ಮುಂದಿನ ಕಥೆಗೆ ಕರೆದುಕೊಂಡು ಹೋಗುತ್ತದೆ. ಓದು ಬಿಟ್ಟವರನ್ನು ಮರಳಿ ತರುವುದಕ್ಕೆ ಕಥಾಸಂಕಲನದಷ್ಟು ಒಳ್ಳೆಯ ದಾರಿ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸಿನಿಮಾ ಇಲ್ಲಿ ಕೈ ಹಿಡಿಯುತ್ತದೆ. ಮೊಬೈಲಿನಲ್ಲಿ ದಿನಕ್ಕೆ ಎರಡು ತಾಸು ಕಳೆಯುವವರು ಕಥೆಯನ್ನು ದ್ವೇಷಿಸುವವರೇನಲ್ಲ, ಅವರು ಕಥೆಯನ್ನು ಕಣ್ಣಿನಿಂದ ತಿಳಿಯುವ ರೂಢಿಗೆ ಬಿದ್ದವರು. ಅವರು ನೋಡಿದ, ಮೆಚ್ಚಿದ ಚಿತ್ರದ ಮೂಲ ಕಥೆಯನ್ನು ಕೊಟ್ಟರೆ ಪಾತ್ರಗಳ ಹೆಸರು, ಊರು, ಸಂಬಂಧಗಳು ಮೊದಲೇ ಗೊತ್ತಿರುತ್ತವೆ. ಹೊಸ ಓದುಗರನ್ನು ದಣಿಸುವುದೇ ಆರಂಭದ ಹತ್ತು ಪುಟ. ಆ ಭಾರ ಇಳಿದರೆ ಉಳಿದದ್ದು ತಾನಾಗಿ ಸಾಗುತ್ತದೆ. ಹಾಗಾಗಿ ಓದದವರಿಗೆ ಸಿನಿಮಾ ಮೊದಲು, ಪುಸ್ತಕ ಆಮೇಲೆ. ಓದುವ ಅಭ್ಯಾಸ ಇರುವವರಿಗೆ ಇದು ತಿರುಗುಮುರುಗು. ಒಮ್ಮೆ ನಟರ ಮುಖ ಮನಸ್ಸಿನಲ್ಲಿ ಕುಳಿತರೆ, ಓದುವಾಗ ತಾವೇ ಕಟ್ಟಿಕೊಳ್ಳಬಹುದಾದ ಮುಖ ಮತ್ತೆ ಬರುವುದಿಲ್ಲ. ಅಂಥವರಿಗೆ ಪುಸ್ತಕವನ್ನೇ ಮೊದಲು ಕೊಡಿ, ಚಿತ್ರದ ಹೆಸರನ್ನೂ ಹೇಳಬೇಡಿ.

ನಮ್ಮ ಜಿಲ್ಲೆಯ ಉದಾಹರಣೆಯನ್ನೇ ನೋಡೋಣ. ಅಮರೇಶ ನುಗಡೋಣಿ ಅವರು ರಾಯಚೂರು ಜಿಲ್ಲೆಯ ನುಗಡೋಣಿಯವರು, ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದವರು. ಅವರ ‘ಸವಾರಿ’ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ಅವರು ‘ಕನಸೆಂಬೋ ಕುದುರೆಯನೇರಿ’ ಚಿತ್ರ ಮಾಡಿದರು. ವೈಜನಾಥ ಬಿರಾದಾರ ಮತ್ತು ಉಮಾಶ್ರೀ ಅದರಲ್ಲಿ ನಟಿಸಿದ್ದಾರೆ. 2009ನೇ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ರೂಪಾಂತರಿತ ಚಿತ್ರಕಥೆಯ ಪ್ರಶಸ್ತಿ ಈ ಚಿತ್ರಕ್ಕಾಗಿ ಗೋಪಾಲಕೃಷ್ಣ ಪೈ ಮತ್ತು ಕಾಸರವಳ್ಳಿ ಇಬ್ಬರಿಗೂ ಬಂತು. ಅಂದರೆ ಕಥೆಯೊಂದನ್ನು ತೆರೆಗೆ ತಂದ ಕೆಲಸಕ್ಕೇ ಸಿಕ್ಕ ಮನ್ನಣೆ ಅದು. ಹೆಣ ಹೂಳಲು ಗುಣಿ ತೋಡುವ ಈರ್ಯಾನ ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದೇ ಅರ್ಥ. ಒಂದು ದಿನ ಕನಸು ಬೀಳುತ್ತದೆ, ಆದರೆ ಸಾವಿನ ಸುದ್ದಿ ಇಲ್ಲ. ಅವನ ನಂಬಿಕೆಯ ಬುಡವೇ ಅಲುಗಾಡುತ್ತದೆ. ಮುಂದಿನದನ್ನು ನೀವೇ ಓದಬೇಕು, ನೋಡಬೇಕು.

ಒಬ್ಬ ಮನುಷ್ಯನ ಮನಸ್ಸಿನೊಳಗೆ ನಡೆಯುವುದನ್ನು ಕಥೆಗಾರ ಒಂದೇ ವಾಕ್ಯದಲ್ಲಿ ಹೇಳಬಲ್ಲ. ಕ್ಯಾಮೆರಾಕ್ಕೆ ಮನಸ್ಸು ಕಾಣುವುದಿಲ್ಲ. ಅದಕ್ಕೆ ನಡಿಗೆ, ನೋಟ, ಇನ್ನೊಬ್ಬರ ಜೊತೆಗಿನ ಮಾತು ಬೇಕು. ಆದ್ದರಿಂದ ಸಣ್ಣ ಕಥೆ ತೆರೆಗೆ ಬರುವಾಗ ಹಿಗ್ಗುತ್ತದೆ, ದೊಡ್ಡ ಕಾದಂಬರಿ ಕುಗ್ಗುತ್ತದೆ. ಚಿತ್ರಕಥೆ ಬರೆಯುವವರು ಒಂದು ಪುಟಕ್ಕೆ ಒಂದು ನಿಮಿಷ ಎಂದು ಅಂದಾಜು ಹಿಡಿಯುತ್ತಾರೆ. ಎರಡು ತಾಸಿನ ಚಿತ್ರಕ್ಕೆ 120 ಪುಟ, ಅದೂ ಅರ್ಧ ಖಾಲಿ ಬಿಟ್ಟ ಪುಟಗಳು. ನಾನೂರು ಪುಟದ ಕಾದಂಬರಿಯನ್ನು ಅದರೊಳಗೆ ಕೂರಿಸುವುದೆಂದರೆ ಪಾತ್ರಗಳನ್ನು ಬಿಡಲೇಬೇಕು, ಹಲವು ಘಟನೆಗಳನ್ನು ಒಂದರಲ್ಲೇ ಕೂಡಿಸಲೇಬೇಕು. ಪುಸ್ತಕದಲ್ಲಿ ಇದ್ದದ್ದು ಸಿನಿಮಾದಲ್ಲಿ ಇಲ್ಲ ಎಂದು ಮುನಿಸಿಕೊಳ್ಳುವವರು ಈ ಲೆಕ್ಕವನ್ನು ನೆನಪಿಡಬೇಕು.

ಕೆಲವು ಬದಲಾವಣೆಗಳು ಮಾತ್ರ ಸಮಯದ ಇಕ್ಕಟ್ಟಿನಿಂದ ಬಂದವಲ್ಲ. ವೈದೇಹಿಯವರ ‘ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು’ ಕಥೆಯಲ್ಲಿ ಊರಿಗೆ ಟಾಕೀಸು ಬರುತ್ತದೆ, ಸೂಲಗಿತ್ತಿಯೊಬ್ಬಳು ಅಲ್ಲಿ ಹೆಂಗಸರ ಬಾಗಿಲು ಕಾಯುತ್ತಾಳೆ. 2008ರ ಚಿತ್ರದಲ್ಲಿ ಕಾಸರವಳ್ಳಿ ಕಾಲವನ್ನೇ ಬದಲಿಸಿದರು. ಚಿತ್ರದ ಸೂಲಗಿತ್ತಿ ಗುಲಾಬಿಯ ಮನೆಗೆ ಟಿವಿ ಮತ್ತು ಡಿಶ್ ಆಂಟೆನಾ ಬರುತ್ತವೆ, ಕೇರಿಯ ಹೆಂಗಸರು ಅಲ್ಲಿ ಸೇರುತ್ತಾರೆ. ಕಥೆ ಓದಿ ಚಿತ್ರ ನೋಡಿದವರು ಇದು ಬೇರೆಯೇ ಕಥೆ ಎನ್ನಬಹುದು. ಪರದೆಯ ಬೆಳಕು ಹೆಣ್ಣುಮಕ್ಕಳ ಬದುಕಿನೊಳಗೆ ಏನು ಮಾಡುತ್ತದೆ ಎಂಬ ಮೂಲದ ಪ್ರಶ್ನೆ ಎರಡರಲ್ಲೂ ಉಳಿದಿದೆ. ಒಳ್ಳೆಯ ರೂಪಾಂತರವೆಂದರೆ ನನಗೆ ಇದೇ.

ಕೊಳ್ಳುವಾಗ ಎರಡು ಕಡೆ ಎಡವುವುದುಂಟು. ‘ನಾಗರಹಾವು’ ಸಿನಿಮಾ ಮೆಚ್ಚಿದವರಿಗೆ ಅದೇ ಹೆಸರಿನ ಕಾದಂಬರಿಯೊಂದನ್ನೇ ತಂದುಕೊಟ್ಟರೆ ಅರ್ಧ ಸಿನಿಮಾ ಅದರಲ್ಲಿ ಸಿಗುವುದಿಲ್ಲ. ಪುಟ್ಟಣ್ಣ ಕಣಗಾಲರು 1972ರಲ್ಲಿ ತರಾಸು ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಒಂದೇ ಚಿತ್ರ ಮಾಡಿದರು. ಕೊಟ್ಟರೆ ಮೂರನ್ನೂ ಕೊಡಿ. ಎರಡನೆಯದು, ಸಣ್ಣ ಕಥೆಗಳು ಸಂಕಲನದೊಳಗೆ ಇರುತ್ತವೆ, ಸಂಕಲನದ ಹೆಸರು ಬೇರೆಯದೇ ಇರಬಹುದು. ಪರಿವಿಡಿ ತೆರೆದು ಆ ಕಥೆಯ ಹೆಸರನ್ನು ಕಣ್ಣಾರೆ ನೋಡಿದ ಮೇಲೆಯೇ ಹಣ ಕೊಡಿ.

ಸಂದರ್ಭವನ್ನೂ ನೋಡಬೇಕು. ಪೂರ್ಣಚಂದ್ರ ತೇಜಸ್ವಿಯವರ ‘ತಬರನ ಕಥೆ’ ದೊಡ್ಡ ಕಥೆ, ಚಿತ್ರದಲ್ಲಿ ತಬರನಾದ ಚಾರುಹಾಸನ್ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂದಿದೆ. ಆದರೆ ಅದು ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದು ನುಗ್ಗಾದವನ ಕಥೆ. ನಿವೃತ್ತಿಯ ದಿನ ಅದನ್ನು ಯಾರ ಕೈಗೂ ಇಡಬೇಡಿ. ಅದರ ಬದಲು ಕುಂ. ವೀರಭದ್ರಪ್ಪನವರ ‘ಕೂರ್ಮಾವತಾರ’ ಕಥೆ ಇರುವ ಸಂಕಲನ ಕೊಡಬಹುದು. ಕುಂವೀ ಅಂದಿನ ಅಖಂಡ ಬಳ್ಳಾರಿ ಜಿಲ್ಲೆಯ ಕೊಟ್ಟೂರಿನವರು. ನಿವೃತ್ತಿಯ ಅಂಚಿನಲ್ಲಿರುವ ನೌಕರರೊಬ್ಬರು ಧಾರಾವಾಹಿಯಲ್ಲಿ ಗಾಂಧಿಯ ಪಾತ್ರ ಮಾಡಬೇಕಾಗಿ ಬರುವ ಕಥೆ ಅದು. ಕಾಸರವಳ್ಳಿಯವರ ಚಿತ್ರವೂ ಇದೆ. ಅದೇ ಕುಂವೀ ಅವರ ‘ಅರಮನೆ’ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಅದು ಪಳಗಿದ ಓದುಗರ ಪುಸ್ತಕ, ಪ್ರಶಸ್ತಿ ಬಂದಿದೆ ಎಂಬ ಒಂದೇ ಕಾರಣಕ್ಕೆ ಹೊಸಬರಿಗೆ ಹೊರಿಸಬಾರದು. ಹೊಸ ದಂಪತಿಗೆ ಸಂಸಾರದ ಉಪದೇಶದ ಪುಸ್ತಕ ಬೇಡವೇ ಬೇಡ. 1942ರಲ್ಲಿ ಬಂದ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ತೆಳುವಾದ ಕವನ ಸಂಕಲನ, ಇಬ್ಬರೂ ಕೂತು ಗಟ್ಟಿಯಾಗಿ ಓದಿಕೊಳ್ಳಬಹುದು. ಆ ಕವಿತೆಗಳನ್ನೇ ಹೆಣೆದು 1992ರಲ್ಲಿ ನಾಗಾಭರಣ ಅವರು ಚಿತ್ರ ಮಾಡಿದ್ದಾರೆ.

ಅರವತ್ತು ದಾಟಿದವರಿಗೆ ಕೊಡುವಾಗ ಅಕ್ಷರದ ಗಾತ್ರ ಮುಖ್ಯ. ಮಾಮೂಲಿ ಪುಸ್ತಕ 11, 12 ಪಾಯಿಂಟಿನಲ್ಲಿರುತ್ತದೆ, ಹಿರಿಯರಿಗೆ 14 ಹಿತ. ಗಾತ್ರಕ್ಕಿಂತಲೂ ಸಾಲಿನ ನಡುವಿನ ಅಂತರ ನೋಡಿ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಸಾಲುಗಳು ಒತ್ತೊತ್ತಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಕಣ್ಣು ಬೇಗ ಸೋಲುತ್ತದೆ. ಕಾಗದ ಅಚ್ಚ ಬಿಳಿಯಾಗಿ ಹೊಳೆಯುವುದಕ್ಕಿಂತ ತುಸು ಹಳದಿ ಬಣ್ಣದ್ದು ರಾತ್ರಿಯ ದೀಪದಲ್ಲಿ ಕಣ್ಣಿಗೆ ಚುಚ್ಚುವುದಿಲ್ಲ.

ಇನ್ನು ಪುಸ್ತಕದ ಮೈಕಟ್ಟು. ಪುಸ್ತಕಗಳು ಸಾಮಾನ್ಯವಾಗಿ 16 ಪುಟಗಳ ಫಾರಂಗಳಾಗಿ ಅಚ್ಚಾಗುತ್ತವೆ. ಬೈಂಡಿಂಗಿನಲ್ಲಿ ಒಂದು ಫಾರಂ ಬಿಟ್ಟುಹೋಗುವುದು, ಇಲ್ಲವೇ ಅದೇ ಫಾರಂ ಎರಡು ಸಲ ಸೇರುವುದು ಅಪರೂಪವೇನಲ್ಲ. 48ನೆಯ ಪುಟದ ನಂತರ 65 ಬಂದರೆ ಓದುವವರಿಗೆ ಆಗುವ ಸಂಕಟ ಊಹಿಸಿ. ಅಂಗಡಿಯಲ್ಲೇ ನಿಂತು ಪುಟಸಂಖ್ಯೆಗಳನ್ನು ಸರಸರನೆ ತಿರುವಿ ನೋಡಲು ಒಂದೇ ನಿಮಿಷ ಸಾಕು. ಪ್ಲಾಸ್ಟಿಕ್ ಸುತ್ತಿದ ಪ್ರತಿಯಾದರೆ ಬಣ್ಣದ ಕಾಗದ ಸುತ್ತುವ ಮೊದಲೇ ಬಿಚ್ಚಿ ನೋಡಿ. ಆಮೇಲೆ ಬೆನ್ನಿನ ಮೇಲ್ತುದಿ. ಅಲ್ಲಿ ಕಾಗದದ ಮಡಿಕೆಗಳು ಗುಂಪುಗುಂಪಾಗಿ ಕಂಡು, ಗುಂಪಿನ ನಡುವೆ ದಾರ ಇದ್ದರೆ ಅದು ಹೊಲಿಗೆ ಬೈಂಡಿಂಗ್. ಹಾಳೆಗಳು ಬಿಡಿಬಿಡಿಯಾಗಿ ಗೋಂದಿನಲ್ಲಿ ಅಂಟಿದ್ದರೆ ಗಮ್ ಬೈಂಡಿಂಗ್. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ಗೋಂದು ಒಣಗಿ ಬಿರಿಯುತ್ತದೆ, ಬೆನ್ನು ಮುರಿಯುವಂತೆ ತೆರೆದರೆ ಹಾಳೆ ಕೈಗೆ ಬರುತ್ತದೆ. ಮುಚ್ಚಿದ ಕಾರಿನಲ್ಲೋ ಬೈಕಿನ ಡಿಕ್ಕಿಯಲ್ಲೋ ಮಧ್ಯಾಹ್ನವಿಡೀ ಬಿಟ್ಟರಂತೂ ಗೋಂದು ಮೆತ್ತಗಾಗಿ ಬೆನ್ನು ಸೊಟ್ಟಗಾಗುತ್ತದೆ. ಹೊಸ ಪುಸ್ತಕವನ್ನು ಮೇಜಿನ ಮೇಲೆ ನಿಲ್ಲಿಸಿ, ಮೊದಲ ಹತ್ತು ಹಾಳೆ, ಕೊನೆಯ ಹತ್ತು ಹಾಳೆ, ಹೀಗೆ ಎರಡೂ ಕಡೆಯಿಂದ ನಡುವಿನ ತನಕ ಮೆಲ್ಲಗೆ ಒತ್ತುತ್ತ ಬಂದರೆ ಬೆನ್ನು ಸಮನಾಗಿ ಸಡಿಲವಾಗುತ್ತದೆ. ಹಾಳೆ ಕಿತ್ತರೆ ಸೆಲ್ಲೋಟೇಪ್ ಬೇಡ, ಅದು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಅಕ್ಷರವನ್ನೂ ನುಂಗುತ್ತದೆ. ಎರೆಭೂಮಿಯ ಮನೆಗಳಲ್ಲಿ ಗೆದ್ದಲಿನ ಕಾಟವೂ ಇದೆ. ಅಲಮಾರಿಯನ್ನು ಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ಇಡಿ.

ಹಾರೈಕೆಯನ್ನು ಮುಖಪುಟದ ಮೇಲೆ ಬರೆಯಬೇಡಿ. ಒಳಗಿನ ಮೊದಲ ಖಾಲಿ ಹಾಳೆಯಲ್ಲಿ ಪಡೆಯುವವರ ಹೆಸರು, ದಿನಾಂಕ, ಊರು, ಮತ್ತು ಈ ಪುಸ್ತಕವನ್ನೇ ಏಕೆ ಆರಿಸಿದಿರಿ ಎಂಬ ಎರಡು ಸಾಲು ಬರೆಯಿರಿ. ‘23ನೆಯ ಪುಟದ ಅಜ್ಜಿಯನ್ನು ನೋಡಿ’ ಎಂದು ಬರೆದರೂ ಸಾಕು, ಅಷ್ಟರಮಟ್ಟಿಗೆ ಪುಸ್ತಕ ತೆರೆಯುತ್ತದೆ.

ದೂರದವರಿಗಾದರೆ ಅಂಚೆ ಇದೆ. 2025ರ ಮೇ ತಿಂಗಳಿಂದ ಅಂಚೆ ಇಲಾಖೆ ಪುಸ್ತಕಗಳಿಗೆಂದೇ ‘ಗ್ಯಾನ್ ಪೋಸ್ಟ್’ ಆರಂಭಿಸಿದೆ. 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. 200 ಪುಟದ ಡೆಮಿ ಪುಸ್ತಕ 70 ಜಿಎಸ್ಎಂ, ಅಂದರೆ ಚದರ ಮೀಟರಿಗೆ 70 ಗ್ರಾಂ ತೂಗುವ ಕಾಗದದಲ್ಲಿದ್ದರೆ ಹೊದಿಕೆ ಸೇರಿ ಸುಮಾರು 230 ಗ್ರಾಂ ತೂಗುತ್ತದೆ. ಹೀಗಾಗಿ ಹಗುರ ಪ್ಯಾಕಿಂಗಿನೊಂದಿಗೆ ಮೊದಲ ಹಂತದಲ್ಲೇ ಹೋಗುತ್ತದೆ. ಇದು ರಸ್ತೆ, ರೈಲಿನಲ್ಲಿ ಸಾಗುವ ಅಂಚೆ, ಆದ್ದರಿಂದ ಕಾರ್ಯದ ದಿನಕ್ಕೆ ಹತ್ತು ದಿನ ಮೊದಲೇ ಕಳಿಸಿ. ಮೂಲೆಗಳಿಗೆ ರಟ್ಟಿನ ತುಂಡು ಇಟ್ಟು, ಮಳೆಗಾಲವಾದರೆ ಒಳಗೊಂದು ಪ್ಲಾಸ್ಟಿಕ್ ಹಾಳೆ ಸುತ್ತಿ.

ಕೊನೆಗೆ, ಹಣ ಕೊಟ್ಟು ಕೊಳ್ಳಲಾಗದವರೂ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಎಂಬ ಗ್ರಂಥಾಲಯದಲ್ಲೋ ಓಣಿಯ ಕಟ್ಟೆಯ ಮೇಲೋ ಎಂಟು ಹತ್ತು ಜನ ಸೇರಿ. ಇಪ್ಪತ್ತು ಪುಟದ ಒಂದು ಕಥೆಯನ್ನು ಒಬ್ಬರು ಗಟ್ಟಿಯಾಗಿ ಓದಲಿ. ಪುಟಕ್ಕೆ ಮೂರು ನಿಮಿಷದಂತೆ ಒಂದು ತಾಸು. ನಮ್ಮ ಕಡೆಯ ಆಡುಮಾತಿನ ಕಥೆಗಳು ಕಣ್ಣಿಗೆ ತೊಡಕಾಗಿ ಕಂಡರೂ ಕಿವಿಗೆ ಬಿದ್ದಾಗ ಸಲೀಸು. ಕೊನೆಯ ಎರಡು ಪುಟ ಉಳಿಸಿ, ಮುಂದೇನಾಗಬಹುದು ಎಂದು ಪ್ರತಿಯೊಬ್ಬರನ್ನೂ ಕೇಳಿ, ಆಮೇಲೆ ಓದಿ ಮುಗಿಸಿ. ಅದರ ಸಿನಿಮಾವನ್ನು ಮುಂದಿನ ವಾರ ಅವರವರ ಮನೆಯಲ್ಲಿ ನೋಡಿಕೊಂಡು ಬರಲಿ. ಎಲ್ಲರನ್ನೂ ಸೇರಿಸಿ ಸಾರ್ವಜನಿಕವಾಗಿ ತೋರಿಸುವುದಾದರೆ ಚಿತ್ರದ ಹಕ್ಕುದಾರರ ಅನುಮತಿ ಬೇಕು. ಮತ್ತೆ ಸೇರಿದಾಗ ಯಾವುದು ಚೆನ್ನ ಎಂದು ಕೇಳಬೇಡಿ, ಚರ್ಚೆ ಎರಡೇ ನಿಮಿಷಕ್ಕೆ ಮುಗಿಯುತ್ತದೆ. ಕಥೆಯಲ್ಲಿ ಇಲ್ಲದ ಯಾವ ದೃಶ್ಯ ಚಿತ್ರದಲ್ಲಿ ಬಂತು, ಅದು ನಿರ್ದೇಶಕರಿಗೆ ಏಕೆ ಬೇಕಾಯಿತು ಎಂದು ಕೇಳಿ. ಉತ್ತರಕ್ಕಾಗಿ ಜನ ಪುಸ್ತಕವನ್ನು ಮತ್ತೆ ತಿರುವಲೇಬೇಕಾಗುತ್ತದೆ. ಹಾಗಾಗಿ ಅವತ್ತಿಗೆ ಕನಿಷ್ಠ ಎರಡು ಪ್ರತಿಗಳಾದರೂ ಕೈಗೆ ಸಿಗುವಂತೆ ನೋಡಿಕೊಳ್ಳಿ.

ನಮಸ್ಕಾರ.