ಬೇಸಿಗೆಯ ಅರ್ಜಿ ದೀಪಾವಳಿಗೇ

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ಬಿಎಸ್ಸಿ ಓದುತ್ತಿರುವವರಿಗೆ, ಅದರಲ್ಲೂ ತಾಲ್ಲೂಕು ಊರುಗಳ ಡಿಗ್ರಿ ಕಾಲೇಜಿನವರಿಗೆ.

ಬೇಸಿಗೆಯಲ್ಲಿ ಎರಡು ತಿಂಗಳು ಒಬ್ಬ ವಿಜ್ಞಾನಿಯ ಲ್ಯಾಬಿನಲ್ಲಿ ಕೆಲಸ ಕಲಿಯಬಹುದು. ಕಲಿಸಿದ್ದಕ್ಕೆ ಅವರು ಫೀಸು ಕೇಳುವುದಿಲ್ಲ, ಬದಲಿಗೆ ನಿಮಗೇ ಸ್ಟೈಪೆಂಡ್ ಕೊಡುತ್ತಾರೆ. ಸುಮ್ನೆ ಹೇಳುತ್ತಿಲ್ಲ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಇಂಥದೊಂದು ಸಮ್ಮರ್ ಫೆಲೋಶಿಪ್ ನಡೆಸುತ್ತಿವೆ. ಒಂದು ನಮ್ಮ ಬೆಂಗಳೂರಿನದೇ, 1934ರಲ್ಲಿ ಸಿ.ವಿ. ರಾಮನ್ ಕಟ್ಟಿದ ಅಕಾಡೆಮಿ. ಇನ್ನೆರಡು ದೆಹಲಿ ಮತ್ತು ಪ್ರಯಾಗರಾಜದವು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ವಿಜ್ಞಾನ ಸಂಶೋಧನಾ ಕೇಂದ್ರದಲ್ಲೂ ಪ್ರತ್ಯೇಕವಾಗಿ ಇಂಥ ಕಾರ್ಯಕ್ರಮ ಇದೆ.

ಹಾಗಿದ್ದರೆ ನಮ್ಮ ಹುಡುಗರು ಯಾಕೆ ಹೋಗುತ್ತಿಲ್ಲ? ಮಾರ್ಕ್ಸ್ ಸಾಲದೆ ಅಲ್ಲ, ತಾರೀಕು ಗೊತ್ತಿಲ್ಲದೆ. ರಜೆಯ ಯೋಚನೆ ನಮಗೆ ಬರುವುದೇ ಏಪ್ರಿಲ್‌ನಲ್ಲಿ. ಅಕಾಡೆಮಿಗಳು ಸಾಮಾನ್ಯವಾಗಿ ಅರ್ಜಿ ಕರೆಯುವುದು ಹಿಂದಿನ ವರ್ಷದ ದೀಪಾವಳಿಯ ಆಸುಪಾಸಿನಲ್ಲಿ. ನೀವು ವಿಚಾರಿಸುವ ಹೊತ್ತಿಗೆ ಆಯ್ಕೆಯಾದವರು ಟಿಕೆಟ್ ಬುಕ್ ಮಾಡಿರುತ್ತಾರೆ!

ಅರ್ಜಿಯಲ್ಲಿ ಎರಡು ವಿಷಯ ಮುಖ್ಯ. ಒಂದು, ನಿಮ್ಮನ್ನು ಬಲ್ಲ ಮೇಷ್ಟ್ರ ಶಿಫಾರಸು ಪತ್ರ. ಕೊನೆಯ ದಿನ ಸ್ಟಾಫ್ ರೂಮಿಗೆ ಓಡಿಹೋಗಿ ಕೇಳಿದರೆ ಅವರಾದರೂ ಏನು ಬರೆಯುತ್ತಾರೆ? 'ಒಳ್ಳೆಯ ನಡತೆಯ ವಿದ್ಯಾರ್ಥಿ' ಅಂತ ಬರೆದು ಸಹಿ ಹಾಕುತ್ತಾರೆ, ಅಷ್ಟೇ.

ಇನ್ನೊಂದು, ಏನು ಮಾಡಬೇಕೆಂದಿದ್ದೀರಿ ಅಂತ ನೀವೇ ಬರೆಯುವ ಪುಟ್ಟ ಬರಹ. 'ಚಿಕ್ಕಂದಿನಿಂದ ನನಗೆ ವಿಜ್ಞಾನ ಅಂದ್ರೆ ಪ್ರಾಣ' ಅಂತ ಎಲ್ಲರೂ ಬರೆಯುತ್ತಾರೆ. ಓದುವವರಿಗೂ ಸಾಕಾಗಿರುತ್ತದೆ ಅಲ್ವಾ? ಅದರ ಬದಲು ನಿಮ್ಮ ಪ್ರಾಕ್ಟಿಕಲ್ ಪುಸ್ತಕ ತೆಗೆಯಿರಿ. ಸೋಡಿಯಂ ದೀಪದ ಮುಂದೆ ಗ್ರೇಟಿಂಗ್, ಅಂದರೆ ಒತ್ತೊತ್ತಾಗಿ ಸಣ್ಣ ಗೆರೆ ಕೊರೆದ ಫಲಕ, ಇಟ್ಟು ಬೆಳಕಿನ ಹಳದಿ ಗೆರೆ ನೋಡಿದ್ದೀರಿ. ನಡುವಿನಿಂದ ಪಕ್ಕಕ್ಕೆ ಮೊದಲು ಸಿಗುವ ಬಿಂಬದಲ್ಲಿ, ಅಂದರೆ ಮೊದಲ ಆರ್ಡರ್‌ನಲ್ಲಿ, ಒಂದೇ ಅನ್ನಿಸಿದ್ದ ಗೆರೆ ಎರಡನೆಯದರಲ್ಲಿ ಸೀಳಿದಂತೆ ಕಂಡಿತು. ಒಂದರ ತರಂಗದ ಉದ್ದ 589.0 ನ್ಯಾನೋಮೀಟರ್, ಇನ್ನೊಂದರದು 589.6. ಒಂದೇ ಧಾತು ಇಷ್ಟು ಹತ್ತಿರದ ಎರಡು ಬೆಳಕು ಯಾಕೆ ಕೊಡುತ್ತದೆ? ಇದಕ್ಕೆ ಕಾರಣವಾದ ಎಲೆಕ್ಟ್ರಾನಿನ ಸ್ಪಿನ್ ಎಂಬ ಗುಣದ ಬಗ್ಗೆ ಎಷ್ಟು ಓದಿದಿರಿ, ಎಲ್ಲಿ ಅರ್ಥವಾಗದೆ ನಿಂತಿರಿ? ಅದನ್ನೇ ಬರೆಯಿರಿ. ಇಂಗ್ಲಿಷ್ ಸಾದಾ ಇದ್ದರೆ ಸಾಕು, ಅಲಂಕಾರ ಬೇಡ.

ಗಣಿತದವರಿಗೆ ಎಂಟಿಟಿಎಸ್, ಅಂದರೆ ಮ್ಯಾಥಮ್ಯಾಟಿಕ್ಸ್ ಟ್ರೈನಿಂಗ್ ಅಂಡ್ ಟ್ಯಾಲೆಂಟ್ ಸರ್ಚ್, ಅಂತ ಬೇರೆ ಶಿಬಿರವೇ ಇದೆ. 1993ರಲ್ಲಿ ಪ್ರೊಫೆಸರ್ ಎಸ್. ಕುಮರೇಶನ್ ಶುರು ಮಾಡಿದ್ದು. ಅಲ್ಲಿ ನೋಟ್ಸ್ ಬರೆಸುವುದಿಲ್ಲ. ಮೇಷ್ಟ್ರು ಪ್ರಶ್ನೆ ಹಾಕುತ್ತಾರೆ, ಉತ್ತರ ನೀವೇ ಹುಡುಕಬೇಕು. ಮೊದಮೊದಲು ತಲೆ ಬಿಸಿಯಾಗುವುದು ಗ್ಯಾರಂಟಿ.

ಒಂದು ನಿಜವಾದ ತೊಂದರೆಯನ್ನೂ ಹೇಳಿಬಿಡುತ್ತೇನೆ. ನಮ್ಮ ಸೆಮಿಸ್ಟರ್ ಪರೀಕ್ಷೆ ಕೆಲವೊಮ್ಮೆ ಜೂನ್, ಜುಲೈವರೆಗೂ ಎಳೆಯುತ್ತದೆ. ಫೆಲೋಶಿಪ್ಪಿನ ದಿನಗಳಿಗೆ ಅಡ್ಡ ಬರುತ್ತದೆ. ಹಾಗಾದರೆ ಸಿಕ್ಕಿದ ಅವಕಾಶ ಬಿಟ್ಟುಬಿಡಬೇಡಿ. ನಿಮಗೆ ಗೈಡ್ ಆಗಿರುವ ವಿಜ್ಞಾನಿಗೆ ಮೊದಲೇ ಇಮೇಲ್ ಬರೆದು, ದಿನ ಆಚೆ ಈಚೆ ಮಾಡಬಹುದೇ ಅಂತ ಕೇಳಿ. ಪ್ರಿನ್ಸಿಪಾಲರಿಗೂ ಒಂದು ಮಾತು ತಿಳಿಸಿಟ್ಟಿರಿ.

ಅಂದ ಹಾಗೆ, ಅಕಾಡೆಮಿಗಳ ಈ ಫೆಲೋಶಿಪ್ಪಿಗೆ ಅಧ್ಯಾಪಕರೂ ಅರ್ಜಿ ಹಾಕಬಹುದು. ಶಿಫಾರಸು ಪತ್ರ ಕೇಳಲು ಹೋದಾಗ ನಿಮ್ಮ ಮೇಷ್ಟ್ರಿಗೂ ಈ ವಿಷಯ ಕಿವಿಗೆ ಹಾಕಿ. ನಮಸ್ಕಾರ.